ಮುಸುವದ ಕೂಗು

ಹುಲಿಗೂ ಚಿರತೆಗೂ ಕಾಡಿನ ಯಜಮಾನಿಕೆಗಾಗಿ ಜಗಳ ಹತ್ತಿತ್ತು. ಒಂದು ಬೆಳಿಗ್ಗೆ ಹುಲಿ ಮತ್ತಿಮರದ ಕೆಳಗೆ ನಿಂತು, ಮೇಲೆ ಕುಳಿತಿದ್ದ ಕಪ್ಪು ಮೋರೆಯ ಮುದಿ ಕೋತಿ ಮುಸುವವನ್ನು ಮಾತನಾಡಿಸಿತು.

"ಅಜ್ಜಿ, ನನ್ನ ಪಕ್ಷ ಸೇರು. ನಿಮ್ಮ ಮರಿಗಳನ್ನು ಹೊತ್ತೊಯ್ಯುವ ಚಿರತೆಯನ್ನು ನಾನು ಓಡಿಸುತ್ತೇನೆ. ನಾನು ಜಿಂಕೆಯ ಬೇಟೆಗೆ ಬಂದಾಗ ನೀನು ಕೂಗದಿದ್ದರೆ ಸಾಕು."

ಮುಸುವ ಪಕ್ಕದಲ್ಲಿದ್ದ ಮೊಮ್ಮಗುವನ್ನು ನೋಡಿತು. ಚಿರತೆಯ ಕಾಟ ತಪ್ಪೀತೆಂದು ಅಜ್ಜಿಗೂ ಆಸೆಯಾಯಿತು.

"ಮಹಾರಾಜ, ನಿಮ್ಮ ಬಲ ದೊಡ್ಡದು. ಆದರೆ ನಿನ್ನೆ ಚಿರತೆ ಬಂದಾಗ ಜಿಂಕೆಗಳು ಓಡುವ ಮೊದಲು ನಮ್ಮನ್ನು ಕೂಗಿ ಎಚ್ಚರಿಸಿದವು," ಎಂದು ಹೇಳಿ, ಕಾಡೆಲ್ಲ ಮೊಳಗುವಂತೆ ಕೂಗಿತು. ಹತ್ತಿರದಲ್ಲೇ ಮೇಯುತ್ತಿದ್ದ ಜಿಂಕೆಗಳು ಪಾರಾದವು.

"ಚಿರತೆ ಬಂದರೆ ಇನ್ನು ನನ್ನನ್ನು ಕರೆಯಬೇಡ!" ಹುಲಿ ಗುಡುಗಿತು.

"ಕರೆಯುವುದಿಲ್ಲ, ಮಹಾರಾಜ."

ಹುಲಿ ತುಸು ಹೊತ್ತು ಆ ಮುದಿಜೀವವನ್ನೇ ನೋಡಿತು. "ನನಗಾಗಿ ಹೀಗೆ ಕೂಗುವವರು ಈ ಕಾಡಿನಲ್ಲಿ ಒಬ್ಬರೂ ಇಲ್ಲ," ಎಂದು ತಲೆತಗ್ಗಿಸಿ ಹೊರಟಿತು.