ಎಂಜಿನ್ ಸುತ್ತಲ ಜಾಗ

ಹೊಳೆ ದಂಡೆಯ ತಗಡಿನ ಶೆಡ್ಡಿನಲ್ಲಿ ದಸ್ತಗೀರ್ ಉಸ್ತಾದರು ಇದ್ದರು. ಕಲ್ಲು, ಗುಂಡಿ, ದಿಬ್ಬ ಎನ್ನದೆ ಹಾರಿಸಿ ಓಡಿಸುವ ಮೋಟೋಕ್ರಾಸ್ ಬೈಕುಗಳನ್ನು ಕಟ್ಟುವವರೂ ಅವರೇ, ಓಡಿಸಲು ಕಲಿಸುವವರೂ ಅವರೇ. ಮಾತು ಕಡಿಮೆ, ಚಹಾ ಜಾಸ್ತಿ.

ದಾಕ್ಷಾಯಿಣಿ ಅವರ ಶಿಷ್ಯೆ. ಚೆನ್ನಾಗಿಯೇ ಓಡಿಸುತ್ತಿದ್ದಳು, ಶೆಡ್ಡಿನ ಹಿಂದಿನ ಕೊರಕಲಿಗೆ ಬೀಳುವ ತನಕ.

ಅವತ್ತು ಕೊರಕಲು ಹಾರಲೆಂದು ಬೈಕು ಅದರಂಚಿನ ದಿಬ್ಬ ಬಿಟ್ಟು ಮೇಲೆದ್ದಾಗ ಕೆಳಗಿನ ಕಲ್ಲುಗಳು ಕಂಡಿದ್ದವು. ಬಲಗೈ ತಾನಾಗಿ ಆಕ್ಸಿಲರೇಟರ್ ಬಿಟ್ಟಿತ್ತು. ಗಾಳಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬೈಕು ಮೂಗು ತಗ್ಗಿಸುತ್ತದೆ. ತಗ್ಗಿಸಿತು. ಅವಳ ಹೆಗಲ ಎಲುಬು ಮುರಿಯಿತು.

ಎಲುಬೇನೋ ಕೂಡಿತು. ಕೈ ಮಾತ್ರ ಅವಳ ಮಾತು ಕೇಳುವುದನ್ನು ಬಿಟ್ಟಿತು. ದಿಬ್ಬ ಕಂಡರೆ ಸಾಕು, ಬೆರಳು ಸಡಿಲವಾಗುತ್ತಿತ್ತು. ರಾತ್ರಿ ಶೆಡ್ಡಿನಲ್ಲಿ ಮಲಗುವಾಗಲೂ ಕೊರಕಲಿಗೆ ಬೆನ್ನು ಮಾಡುತ್ತಿರಲಿಲ್ಲ. ಬೆನ್ನ ಹಿಂದೆ ಅದು ಇದೆಯೆಂದರೆ ನಿದ್ದೆ ಬಾರದು.

ಮಳೆ ಬಿದ್ದು ಕೊರಕಲು ತುಂಬುವುದರೊಳಗೆ ಅದನ್ನು ಹಾರದಿದ್ದರೆ, ಊರಿಗೆ ಹೋಗಿ ಭಾವನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಲ್ಲುವುದು ಎಂದು ಅವಳು ನಿಶ್ಚಯಿಸಿಕೊಂಡಿದ್ದಳು. ಗಿರಣಿ ಯಾರನ್ನೂ ಮೇಲಕ್ಕೆ ಎಸೆಯುವುದಿಲ್ಲ.

ಕೊನೆಗೆ ಉಸ್ತಾದರ ಮುಂದೆ ಕೂತು ಕೇಳಿಕೊಂಡಳು. ಈ ಎಂಜಿನ್ ದೊಡ್ಡದಾಯಿತು, ಇದು ನನ್ನನ್ನು ಕೊಲ್ಲುತ್ತದೆ, ಸಣ್ಣದು ಹಾಕಿಕೊಡಿ.

ಹುಡುಗರ ಸಣ್ಣ ಬೈಕು ಮೂಲೆಯಲ್ಲೇ ಇದೆಯಲ್ಲ, ಅದನ್ನು ಓಡಿಸು ಎಂದರು ಉಸ್ತಾದರು.

ಅದರ ಮೇಲೆ ಕೂತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ, ನೋಡಿದವರು ನಗುತ್ತಾರೆ ಎಂದಳು. ನನ್ನ ಬೈಕಿನ ಚಾಸಿ, ಹೊರಗಿನ ಚೌಕಟ್ಟು, ದೊಡ್ಡದೇ ಇರಲಿ, ಎಂಜಿನ್ ಮಾತ್ರ ಸಣ್ಣದಾಗಲಿ.

"ಅಂದ್ರ ನೋಡೋರಿಗೆ ಹುಲಿ, ನಿನಗ ಬೆಕ್ಕು."

"ಹಂಗ ಅನ್ಕೋರಿ."

"ಎಷ್ಟು ಸಣ್ಣದು ಬೇಕವಾ?"

"ನನಗ ಅಂಜಿಕಿ ಬರಲಾರದಷ್ಟು."

"ಅಷ್ಟು ಸಣ್ಣದು ಗುಜರಿಯಾಗೂ ಸಿಗಂಗಿಲ್ಲ. ಇದ್ದದ್ರಾಗ ನೋಡೋಣು."

ಉಸ್ತಾದರು ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿಯೇ ಅವಳಿಗೆ ಸ್ವಲ್ಪ ದಿಗಿಲಾಯಿತು.

ಸಿಕ್ಕಿದ್ದು ಹಾಲಿನವನ ಹಳೆಯ ಬೈಕಿನ ಎಂಜಿನ್. ಜೀವಮಾನವಿಡೀ ಕ್ಯಾನು ಹೊತ್ತದ್ದು, ಒಮ್ಮೆಯೂ ಹಾರಿದ್ದಲ್ಲ. ದೊಡ್ಡ ಚಾಸಿಯೊಳಗೆ ಅದು ಕಡಾಯಿಯಲ್ಲಿ ಒಂದೇ ಒಂದು ಬಜ್ಜಿಯ ಹಾಗೆ ಕಂಡಿತು. ಬೋಲ್ಟಿನ ಹಳೆಯ ತೂತುಗಳು ಯಾವುವೂ ಹೊಂದಲಿಲ್ಲ. ಉಸ್ತಾದರು ಹೊಸ ಕಬ್ಬಿಣದ ಪಟ್ಟಿ ಕತ್ತರಿಸಿ, ವೆಲ್ಡ್ ಮಾಡಿ ಕೂರಿಸಿದರು.

ಶೆಡ್ಡಿನ ಬೆಕ್ಕು ಚಾಸಿಯ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬಂತು.

ದಾಕ್ಷಾಯಿಣಿಗೆ ನಾಚಿಕೆಯಾಯಿತು. ಖಾಲಿ ಜಾಗ ಮುಚ್ಚಲೆಂದು ಒಂದು ತಗಡು ಹುಡುಕಿ ತಂದಳು. ಉಸ್ತಾದರು ಅದನ್ನು ಇಸಿದುಕೊಂಡು ಚಹಾದ ಪಾತ್ರೆಗೆ ಮುಚ್ಚಿದರು.

"ಜಾಗಾ ಇರ್ಲಿ."

"ಯಾಕ್ರಿ?"

"ಬೇಕಾಗತೈತಿ."

ಮೊದಲ ಸುತ್ತಿನಲ್ಲಿ ಅವಳಿಗೆ ಹಾಯೆನಿಸಿತು. ಎಂಜಿನ್ ಬೆಳಗಿನ ಹಾಲಿನವನಂತೆ ಪಾಪದ ದನಿಯಲ್ಲಿ ಗುರುಗುಟ್ಟುತ್ತಿತ್ತು. ದಿಬ್ಬಕ್ಕೆ ಬಂದಿತು, ಅರ್ಧ ಏರಿತು, ಉಸಿರು ಬಿಟ್ಟು ನಿಂತೇ ಹೋಯಿತು.

ಅವಳು ತಳ್ಳಿಕೊಂಡು ಬಂದು, ಎಳೆಯುವುದಿಲ್ಲ ಎಂದಳು.

"ಆಕ್ಸಿಲರೇಟರ್ ಎಷ್ಟು ತಿರುವಿದ್ದಿ?"

"ಅರ್ಧ."

"ಉಳಿದರ್ಧ ಯಾರಿಗಿಟ್ಟಿ?"

ಆಗ ಅವಳಿಗೆ ತಿಳಿಯಿತು. ದೊಡ್ಡ ಎಂಜಿನ್ನಿಗೆ ಅರ್ಧ ತಿರುವಿದರೆ ಸಾಕಿತ್ತು. ಅವಳು ಎಂದೂ ಪೂರ್ತಿ ತಿರುವಿದವಳಲ್ಲ. ಈ ಸಣ್ಣದು ಹಾಗಲ್ಲ. ಪೂರ್ತಿ ತಿರುವಿ, ಆಚೆ ದಂಡೆ ಮುಟ್ಟುವ ತನಕ ಬಿಡದಿದ್ದರೆ ಮಾತ್ರ ದಾಟಿಸುತ್ತದೆ. ನಡುವೆ ಬಿಟ್ಟರೆ ಕಲ್ಲು.

ದೊಡ್ಡದನ್ನೇ ವಾಪಸ್ ಹಾಕಿಕೊಡಿ ಎಂದು ಗೋಗರೆದಳು.

ಉಸ್ತಾದರು ಆ ದೊಡ್ಡ ಎಂಜಿನ್ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರು. ಏಳಲಿಲ್ಲ.

ಹೊಳೆಯ ಆಚೆ ಮೋಡ ಕಟ್ಟತೊಡಗಿತ್ತು. ಮಣ್ಣಿನ ವಾಸನೆ ಬಂತು. ದಾಕ್ಷಾಯಿಣಿ ಆಕಾಶ ನೋಡಿದಳು, ಗಿರಣಿಯ ಬೆಲ್ಟಿನ ಸದ್ದು ನೆನಪಾಯಿತು. ಹೆಲ್ಮೆಟ್ ಬಿಗಿದುಕೊಂಡಳು. ಕೊಂಡಿ ಸರಿಯಾಗಿ ಕೂರಲಿಲ್ಲ, ಮತ್ತೆ ಬಿಗಿದಳು.

ದೂರದಿಂದ ಓಟ ಹಿಡಿದಳು. ಪೂರ್ತಿ ತಿರುವಿದಳು. ಎಂಜಿನ್ ತಾಯಿಯನ್ನು ಅಗಲಿದ ಕರುವಿನಂತೆ ಒದರತೊಡಗಿತು. ದಿಬ್ಬ ಹತ್ತಿರವಾದ ಹಾಗೆ ಬೆರಳು ಸಡಿಲವಾಯಿತು. ಒದರುವ ದನಿ ಒಂದೆಳೆ ಇಳಿಯಿತು. ಆ ಇಳಿದ ದನಿ ಕಿವಿಗೆ ಬಿದ್ದದ್ದೇ ಅವಳು ಹಲ್ಲು ಕಚ್ಚಿ ಮತ್ತೆ ತಿರುವಿ ಹಿಡಿದಳು.

ನೆಲ ಬಿಟ್ಟುಹೋಯಿತು. ಕೆಳಗೆ ಅವೇ ಕಲ್ಲುಗಳು. ಮುರಿದು ಕೂಡಿದ್ದ ಎಲುಬು ಮತ್ತೊಮ್ಮೆ ನೊಂದಿತು. ಕೈ ಬಿಡಲಿಲ್ಲ.

ಮುಂದಿನ ಗಾಲಿ ಆಚೆ ದಂಡೆಗೆ ಬಿತ್ತು. ಹಿಂದಿನದು ಅಂಚಿಗೆ ಬಡಿದು, ಮಣ್ಣು ಕಿತ್ತು, ಹೇಗೋ ಮೇಲೆ ಹತ್ತಿತು.

ಬೈಕು ಒರಗಿಸಿ ಅವಳು ನೆಲಕ್ಕೆ ಕೂತಳು.  ಅಳು ಬರುತ್ತಿತ್ತು, ಕೈ ಇನ್ನೂ ಏನನ್ನೋ ತಿರುವಿ ಹಿಡಿದ ಹಾಗೇ ಮುಷ್ಟಿಯಾಗಿತ್ತು.

ಉಸ್ತಾದರು ಕೊರಕಲಿಗೆ ಇಳಿದು, ಕಲ್ಲು ನೋಡಿ ಕಾಲಿಡುತ್ತಾ, ಚಹಾದ ಲೋಟ ಚೆಲ್ಲದಂತೆ ಅವಳಿದ್ದ ದಂಡೆಗೆ ಹತ್ತಿ ಬಂದರು. ಲೋಟವನ್ನು ಅವಳ ಪಕ್ಕದಲ್ಲಿಟ್ಟರು.

"ಅಂಜಿಕಿ ಹೋಗಲಿಲ್ಲರಿ, ಉಸ್ತಾದ್," ಅಂದಳು. "ಆ ದಂಡಿಯಿಂದ ಈ ದಂಡಿತನಕ ನನ್ನ ಸಂಗಾಟನ ಬಂತು."

ಉಸ್ತಾದರು ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಂಜಿನ್ ಸುತ್ತಲ ಖಾಲಿ ಜಾಗದೊಳಗೆ ಕೈ ಆಡಿಸಿ, ಸಿಕ್ಕಿದ್ದ ಮಣ್ಣು ಒರೆಸಿದರು.

"ಮತ್ತ, ಇಷ್ಟು ಜಾಗಾ ಬಿಟ್ಟಿದ್ದು ಯಾರಿಗವಾ?"