ಎರಡು ವರ್ಷ ಆಡದ ತಂಡ

"ತಪ್ಪು ಮಾಡಿದವನನ್ನು ಶಿಕ್ಷಿಸಲಿ. ಮಾಡದವನನ್ನೂ ಅವನ ಜೊತೆ ಯಾಕೆ ಶಿಕ್ಷಿಸಬೇಕು?"

ಗಿರಿಮಲ್ಲ ಗರಡಿಯ ಗುರುಗಳನ್ನು ಹೀಗೆ ಕೇಳಿದ. ಅವನು ಕಾಲೇಜಿನಲ್ಲಿ ಓದುತ್ತಿದ್ದ, ಅಲ್ಲಿಯ ವಾಲಿಬಾಲ್ ತಂಡದಲ್ಲಿ ಆಡುತ್ತಿದ್ದ. ಓದು ಮುಗಿಸಿ ಹೋಗಿದ್ದ ಇಬ್ಬರನ್ನು ವಿದ್ಯಾರ್ಥಿಗಳೆಂದು ತೋರಿಸಿ ಆಡಿಸಿದ್ದಕ್ಕೆ ವಿಶ್ವವಿದ್ಯಾಲಯ ಆ ತಂಡವನ್ನು ಒಂದು ವರ್ಷ ಹೊರಗಿಟ್ಟಿತ್ತು.

"ಅವರನ್ನು ಕರೆತಂದವನು ನಾನಲ್ಲ. ಕಾಗದಕ್ಕೆ ಸಹಿ ಹಾಕಿದವನೂ ನಾನಲ್ಲ. ಹೋದದ್ದು ಮಾತ್ರ ನನ್ನ ವರ್ಷ," ಎಂದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನ ಕಾಲೇಜಿನಲ್ಲಿ ಹುಡುಗಿಯರ ಕಬಡ್ಡಿ ತಂಡವಿತ್ತು. ಒಟ್ಟು ಹನ್ನೊಂದು ಜನ. ಭಾಗೀರಥಿ ಎಂಬವಳು ನಾಯಕಿ. ಎರಡನೆಯ ವರ್ಷದ ಬಿ.ಎ. ಓದುತ್ತಿದ್ದಳು. ಒಳ್ಳೆಯ ಹಿಡಿತದ ಆಟಗಾರ್ತಿ. ಎದುರಾಳಿಯ ಕಾಲು ಒಮ್ಮೆ ಅವಳ ಕೈಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಆದರೆ ಆ ತಂಡದಲ್ಲಿ ರೈಡ್ ಹೋಗಿ ಅಂಕ ತರುವವರು ಇರಲಿಲ್ಲ. ಹಾಗಾಗಿ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುತ್ತಿದ್ದರು.

ಆ ವರ್ಷ ತರಬೇತುದಾರ ಹೊಸ ಹುಡುಗಿಯೊಬ್ಬಳನ್ನು ಕರೆತಂದ. ಹೆಸರು ರೇಣವ್ವ. "ಹೊಸ ಅಡ್ಮಿಷನ್," ಎಂದಷ್ಟೇ ಹೇಳಿದ. ಅವಳು ರೈಡ್ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ತರಗತಿಯಲ್ಲಿ ಅವಳನ್ನು ಯಾರೂ ನೋಡಲಿಲ್ಲ. ಮೈದಾನದಲ್ಲಿ ಮಾತ್ರ ನೋಡಿದರು. ತಂಡ ಸೆಮಿಫೈನಲ್ ತನಕ ಹೋಯಿತು.

ಅಲ್ಲಿಯವರೆಗೆ ಆಟಗಾರ್ತಿಯರ ಪಟ್ಟಿಯನ್ನು ತರಬೇತುದಾರನೇ ಪಂದ್ಯದ ಅಧಿಕಾರಿಗಳ ಮೇಜಿಗೆ ಕೊಟ್ಟು ಬರುತ್ತಿದ್ದ. ಸೆಮಿಫೈನಲ್ ದಿನ ಮೇಜಿನ ಹಿಂದೆ ಕುಳಿತವರು ಒಬ್ಬೊಬ್ಬರ ಹೆಸರನ್ನೂ ಕೂಗಿ ಕರೆದರು. "ಶಶಿಕಲಾ" ಎಂದು ಕರೆದಾಗ ರೇಣವ್ವ ಎದ್ದು ಹೋದಳು. ಶಶಿಕಲಾ ಭಾಗೀರಥಿಯ ತರಗತಿಯವಳು. ಮದುವೆಯಾಗಿ ಓದು ಬಿಟ್ಟು ಆರು ತಿಂಗಳಾಗಿತ್ತು. ತರಬೇತುದಾರ ಅವಳ ಹೆಸರಿನ ಗುರುತಿನ ಚೀಟಿಗೆ ರೇಣವ್ವನ ಭಾವಚಿತ್ರ ಅಂಟಿಸಿದ್ದ. ಹನ್ನೆರಡೂ ಜನ ಸಾಲಾಗಿ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವರು ಸೆಮಿಫೈನಲ್ ಗೆದ್ದರು. ಮರುದಿನ ಫೈನಲ್ಲನ್ನೂ ಗೆದ್ದರು. ಕಪ್ ಬಂತು. ಪ್ರಾಂಶುಪಾಲರು ಊರಿಗೆಲ್ಲ ಪೇಡೆ ಹಂಚಿಸುವುದಾಗಿ ಫೋನಿನಲ್ಲೇ ಹೇಳಿದರು.

ಹೊರಡುವ ಮೊದಲು ಸೋತ ತಂಡದ ನಾಯಕಿ ಭಾಗೀರಥಿಯ ಬಳಿ ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅವಳಿಗೆ ಅದು ಕೊನೆಯ ವರ್ಷ.

"ನಿಮ್ಮ ಆ ರೈಡರ್ ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾಳೆ? ಅವಳನ್ನು ಹೇಗೆ ತಯಾರು ಮಾಡಿದಿರಿ? ನಮ್ಮ ಜೂನಿಯರ್‌ಗಳಿಗೆ ಬರೆದಿಟ್ಟು ಹೋಗುತ್ತೇನೆ, ಹೇಳಿ," ಎಂದು ಕೇಳಿದಳು.

ಅವಳು ಅಸೂಯೆಯಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ಭಾಗೀರಥಿಗೆ ಬಾಯಿಗೆ ಬಂದದ್ದನ್ನು ಹೇಳಬೇಕಾಯಿತು. "ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು," ಎಂದಳು. ಆ ಹುಡುಗಿ ಅದನ್ನು ಬರೆದುಕೊಂಡಳು. ಕೈ ಕುಲುಕಿ ಹೋದಳು.

ಊರಿಗೆ ಬಂದ ಮೇಲೂ ಭಾಗೀರಥಿಗೆ ಆ ಹುಡುಗಿ ಬರೆದುಕೊಂಡದ್ದೇ ಕಣ್ಣ ಮುಂದೆ ಬರುತ್ತಿತ್ತು. ನಾಲ್ಕನೆಯ ದಿನ ತರಬೇತುದಾರನ ಬಳಿ ಹೋಗಿ, "ಸರ್, ವಿಶ್ವವಿದ್ಯಾಲಯಕ್ಕೆ ನೀವೇ ಹೇಳಿಬಿಡಿ. ನೀವು ಹೇಳದಿದ್ದರೆ ನಾನು ಬರೆಯುತ್ತೇನೆ," ಎಂದಳು.

ತರಬೇತುದಾರ ಸಿಟ್ಟಾಗಲಿಲ್ಲ. "ಎಲ್ಲ ಕಾಲೇಜಿನವರೂ ಮಾಡುತ್ತಾರೆ. ನೀನು ಬರೆದರೆ ತಂಡ ಹೋಗುತ್ತದೆ. ಮುಂದಿನ ವರ್ಷ ನೀನೂ ಆಡುವುದಿಲ್ಲ. ಯೋಚನೆ ಮಾಡು," ಎಂದ.

ಅವಳು ಎರಡು ದಿನ ಯೋಚಿಸಿದಳು. ಮೂರನೆಯ ದಿನ ಒಂದು ಪುಟದ ಪತ್ರ ಬರೆದು ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಕಳಿಸಿದಳು.

ವಿಚಾರಣೆಗೆ ಮೂವರು ಕುಳಿತರು. ನಡುವೆ ಕುಳಿತ ಹಿರಿಯ ಪ್ರಾಧ್ಯಾಪಕಿ ಪತ್ರವನ್ನು ಎರಡು ಸಲ ಓದಿದರು.

"ಇಲ್ಲಿ ಒಂದು ಸಾಲು ಬರೆದಿದ್ದೀಯ. 'ನನಗೆ ಸೆಮಿಫೈನಲ್ ದಿನವೇ ಗೊತ್ತಿತ್ತು, ಆದರೂ ಫೈನಲ್ ಆಡಿದೆ' ಅಂತ. ಇದನ್ನು ಯಾಕೆ ಬರೆದೆ? ಇದು ಇಲ್ಲದಿದ್ದರೆ ನೀನು ದೂರು ಕೊಟ್ಟವಳು ಮಾತ್ರ ಆಗಿರುತ್ತಿದ್ದೆ. ನಿನ್ನೊಬ್ಬಳನ್ನಾದರೂ ನಾವು ಬಿಡಬಹುದಿತ್ತು."

"ಆ ಸಾಲು ಬರೆಯುವುದಕ್ಕೇ ಮೇಡಂ ನಾನು ಪತ್ರ ಬರೆದದ್ದು," ಎಂದಳು ಭಾಗೀರಥಿ.

ತೀರ್ಪು ಬಂತು. ಕಪ್ ಅನ್ನು ಸೋತ ತಂಡಕ್ಕೆ ಕೊಟ್ಟರು. ತರಬೇತುದಾರನನ್ನು ತೆಗೆದರು. ರೇಣವ್ವ ಮುಂದೆಂದೂ ಆ ವಿಶ್ವವಿದ್ಯಾಲಯದ ಯಾವ ಆಟದಲ್ಲೂ ಆಡಬಾರದು ಎಂದರು. ಉಳಿದ ಹನ್ನೊಂದು ಹುಡುಗಿಯರ ಪ್ರಮಾಣಪತ್ರಗಳು ರದ್ದಾದವು. ತಂಡ ಎರಡು ವರ್ಷ ಆಡುವಂತಿರಲಿಲ್ಲ.

ತಂಡದಲ್ಲಿ ನಿಂಗಮ್ಮ ಎಂಬ ಹುಡುಗಿ ಇದ್ದಳು. ಕ್ರೀಡಾ ಮೀಸಲಿನಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಆ ಪ್ರಮಾಣಪತ್ರ ಹೋದ ಕೂಡಲೇ ಅರ್ಜಿಯೂ ಬಿದ್ದುಹೋಯಿತು. ಕಾಲೇಜಿನ ಮೆಟ್ಟಿಲ ಮೇಲೆ ಎಲ್ಲರ ಎದುರಿಗೇ ಭಾಗೀರಥಿಯನ್ನು ನಿಲ್ಲಿಸಿದಳು.

"ನೀನು ಒಳ್ಳೆಯವಳಾಗುವುದಕ್ಕೆ ನನ್ನ ಕೆಲಸವೇ ಬೇಕಾಯಿತೇನು?"

ನಿಂಗಮ್ಮನ ಮನೆಯಲ್ಲಿ ತಂದೆ ಇರಲಿಲ್ಲ, ಆ ಕೆಲಸದ ಮೇಲೆಯೇ ಎಲ್ಲರೂ ಕಣ್ಣಿಟ್ಟಿದ್ದರು. ಅದು ಭಾಗೀರಥಿಗೂ ಗೊತ್ತಿತ್ತು. ನಿಂಗಮ್ಮ ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಳು. ಇವತ್ತಿಗೂ ಮಾತಾಡಿಲ್ಲ.

ಮರುದಿನ ಬೆಳಿಗ್ಗೆ ಭಾಗೀರಥಿ ಮೈದಾನಕ್ಕೆ ಹೋದಳು. ಸುಣ್ಣದ ಪುಡಿ ಹಾಕಿ ಅಂಕಣದ ಗೆರೆಗಳನ್ನು ಎಳೆದಳು. ಒಬ್ಬಳೇ ಓಡಿದಳು, ಒಬ್ಬಳೇ ಬಸ್ಕಿ ಹೊಡೆದಳು. ಯಾವ ಪಂದ್ಯಕ್ಕೆ ತಯಾರಿ ಎಂದು ಹುಡುಗರು ನಕ್ಕರು. ಅವಳು ಮಾರನೆಯ ದಿನವೂ ಹೋದಳು. ಇಪ್ಪತ್ತು ದಿನ ಅವಳ ಜೊತೆ ಯಾರೂ ಇರಲಿಲ್ಲ. ಆಮೇಲೆ ಮೊದಲ ವರ್ಷದ ಮೂವರು ಬಂದರು. ಅವರಿಗೆ ಏನೂ ಬರುತ್ತಿರಲಿಲ್ಲ. ಬೀಳುವುದು ಹೇಗೆ ಎಂಬುದರಿಂದಲೇ ಕಲಿಸಬೇಕಾಯಿತು.

ಹಿಡಿಯುವುದನ್ನು ಭಾಗೀರಥಿ ಕಲಿಸಬಲ್ಲಳು. ಆದರೆ ಹಿಡಿಯಲು ಎದುರಿಗೆ ಒಳ್ಳೆಯ ರೈಡರ್ ಬೇಕು. ಅವಳು ಬಸ್ಸು ಹಿಡಿದು ರೇಣವ್ವನ ಊರಿಗೆ ಹೋದಳು. ರೇಣವ್ವ ಅಲ್ಲಿಯ ಶೇಂಗಾ ಮಿಲ್ಲಿನಲ್ಲಿ ಕಾಯಿ ಆರಿಸುತ್ತಿದ್ದಳು. ಭಾಗೀರಥಿಯನ್ನು ಕಂಡು ಮೊರ ಕೆಳಗಿಟ್ಟಳು.

"ಇನ್ನೇನು ಬರೆಯುವುದಕ್ಕೆ ಬಂದೆ?"

"ಕರೆಯುವುದಕ್ಕೆ ಬಂದೆ. ನೀನು ಆಡುವ ಹಾಗಿಲ್ಲ. ಆಡುವವರಿಗೆ ಕಲಿಸಬಾರದು ಅಂತ ಯಾರೂ ಹೇಳಿಲ್ಲ. ನಾನೇ ಕಚೇರಿಗೆ ಹೋಗಿ ಕೇಳಿಕೊಂಡು ಬಂದಿದ್ದೇನೆ."

"ನನ್ನ ಹೆಸರು ಹೇಳಿ ಕೇಳಿದೆಯಾ?"

"ನಿನ್ನ ಹೆಸರು ಹೇಳಿಯೇ ಕೇಳಿದೆ."

ರೇಣವ್ವ ಆ ದಿನ ಒಪ್ಪಲಿಲ್ಲ. ಭಾಗೀರಥಿ ಮೂರು ಭಾನುವಾರ ಹೋದಳು. ನಾಲ್ಕನೆಯ ಭಾನುವಾರ ರೇಣವ್ವ ತಾನಾಗಿಯೇ ಮೈದಾನಕ್ಕೆ ಬಂದಳು. ಅಂದಿನಿಂದ ಪ್ರತಿ ಭಾನುವಾರ ಬಂದಳು. ಜೂನಿಯರ್‌ಗಳು ಅವಳನ್ನು ಹಿಡಿಯಲಾರದೆ ಮಣ್ಣು ತಿಂದರು. ಎಂಟು ತಿಂಗಳಾದ ಮೇಲೆ ಮೊದಲ ಸಲ ಒಬ್ಬಳು ರೇಣವ್ವನ ಕಾಲು ಹಿಡಿದು ನಿಲ್ಲಿಸಿದಳು. ಕೆಳಗೆ ಬಿದ್ದ ರೇಣವ್ವ ಏಳದೆ ನಗುತ್ತಲೇ ಇದ್ದಳು.

ಭಾಗೀರಥಿಯ ಕೊನೆಯ ವರ್ಷ ಹೀಗೆಯೇ ಮುಗಿಯಿತು. ಅವಳು ಕಾಲೇಜಿಗಾಗಿ ಮತ್ತೊಂದು ಪಂದ್ಯ ಆಡಲಿಲ್ಲ. ಪದವಿ ಮುಗಿದ ಮೇಲೆ ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾದಳು. ಬೆಳಿಗ್ಗೆ ಮೈದಾನಕ್ಕೆ ಬಂದು, ಅಲ್ಲಿಂದಲೇ ಶಾಲೆಗೆ ಹೋಗುತ್ತಿದ್ದಳು.

ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಹನ್ನೆರಡು ಜನರಾಗಿದ್ದ ತಂಡ ಮತ್ತೆ ಪಂದ್ಯಕ್ಕೆ ಹೋಯಿತು. ಮೊದಲ ಸುತ್ತಿನಲ್ಲೇ ನಾಲ್ಕು ಅಂಕಗಳಿಂದ ಸೋತಿತು. ಹುಡುಗಿಯರು ಅಳುತ್ತ ಬಸ್ಸು ಹತ್ತಿದರು. ಭಾಗೀರಥಿ ಅವರಿಗೆ ಸಮಾಧಾನ ಹೇಳಲಿಲ್ಲ. "ಕೊನೆಯ ಐದು ನಿಮಿಷ ಉಸಿರು ಸಾಲಲಿಲ್ಲ. ನಾಳೆಯಿಂದ ಅರ್ಧ ತಾಸು ಮೊದಲೇ ಬನ್ನಿ," ಎಂದಳು. ಮರುದಿನ ಹನ್ನೆರಡೂ ಜನ ಬಂದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಗಿರಿಮಲ್ಲ, "ಭಾಗೀರಥಿಯ ಮಾತು ಬೇರೆ. ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಆಡಿದಳು. ಅವಳು ಶಿಕ್ಷೆ ಹೊತ್ತದ್ದು ನ್ಯಾಯವೇ," ಎಂದ.

ಗುರುಗಳು ಕೇಳಿದರು:

"ಆ ಇಬ್ಬರು ವಿದ್ಯಾರ್ಥಿಗಳಲ್ಲ ಎಂದು ನಿನಗೆ ಯಾವತ್ತು ಗೊತ್ತಾಯಿತು?"