ಕಾಡುದಾರಿಗೆ ಒಯ್ದ ಮಚ್ಚು

“ಗುರುಗಳೇ, ಕಾಡಿನ ದಾರಿಯಲ್ಲಿ ಒಬ್ಬನೇ ನಡೆದು ಹೋಗಬೇಕಾಗಿದೆ. ಯಾವ ಕತ್ತಿ ಜೊತೆಗಿದ್ದರೆ ಜೀವ ಉಳಿದೀತು?”

ಯಾತ್ರೆಗೆ ಹೊರಟ ಶಿಷ್ಯ ಹೀಗೆ ಕೇಳಿದ. ಗಂಟು ಮೂಟೆ ಕಟ್ಟಿಯಾಗಿತ್ತು, ಕತ್ತಿಯೊಂದೇ ಬಾಕಿ. ಗುರುಗಳು ಅವನ ಮುಖ ನೋಡಿದರು. ಇವನು ಕಾಡು ಸೇರುವ ಮೊದಲೇ ಭಯ ಇವನನ್ನು ಸೇರಿದೆ ಎಂದು ಅವರಿಗೆ ತಿಳಿಯಿತು. ಎದುರಿಗೆ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತು ಊರೂರು ತಿರುಗುವವನು. ಜೊತೆಗೆ ಜನ ಸಿಕ್ಕರೆ ಮಾತ್ರ ಕಾಡು ದಾಟುತ್ತಿದ್ದ. ಒಂದು ಸಲ ಯಾರೂ ಸಿಗಲಿಲ್ಲ. ಆಚೆ ಊರಿನಲ್ಲಿ ಮಗಳ ಮದುವೆಯ ಮಾತುಕತೆ ಇತ್ತು, ಹೋಗದೆ ಗತಿಯಿಲ್ಲ. ಕಮ್ಮಾರನ ಹತ್ತಿರ ಹೋಗಿ, ಒಳ್ಳೆಯ ಕತ್ತಿ ಬೇಕು ಎಂದ.

ಕಮ್ಮಾರ ಮಡಿಸುವ ಚಾಕು ತೋರಿಸಿದ. ನಡೆದು ಹೋಗುವವರಿಗೆ ಇಷ್ಟು ಸಾಕು, ಹಗ್ಗ ಕೊಯ್ಯಲು ಹಣ್ಣು ಹೆಚ್ಚಲು ಆಗುತ್ತದೆ ಎಂದ. ಕಳ್ಳ ಬಂದರೆ ಅವನಿಗೂ ಹಣ್ಣು ಹೆಚ್ಚಿ ಕೊಡಲೇನು ಎಂದು ವ್ಯಾಪಾರಿ ಕೇಳಿದ. ಗೋಡೆಗೆ ಒರಗಿಸಿದ್ದ ಮಚ್ಚುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದನ್ನು ಆರಿಸಿಕೊಂಡು ಹೊರಟ.

ಮಚ್ಚು ಕೈಗೆ ಬಂದ ಮೇಲೆ ಧೈರ್ಯ ಬರಬೇಕಿತ್ತಲ್ಲವೇ? ಬರಲಿಲ್ಲ. ಮನೆ ಬಿಟ್ಟಾಗ ಅವನಿಗೆ ಇದ್ದದ್ದು ಬರೀ ಅಳುಕು. ಈಗ ಒಂದೊಂದು ಪೊದೆಯ ಹಿಂದೆಯೂ ಆ ಮಚ್ಚಿಗೆ ತಕ್ಕ ಕಳ್ಳನೊಬ್ಬ ಕಾಣತೊಡಗಿದ. ಎಲೆ ಅಲುಗಿದರೆ ಎದೆ ಧಸಕ್ಕೆನ್ನುತ್ತಿತ್ತು. ಹಿಂದೆ ನೋಡುತ್ತಾ ನಡೆದವನು ಮುಂದೆ ನೋಡಲಿಲ್ಲ. ಬಿದಿರಿನ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಇಳಿದು ಒಳಗೇ ಮುರಿಯಿತು.

ಮಚ್ಚಿನ ತುದಿಯಿಂದ ಅದನ್ನು ಕೆದಕಲು ಹೋದ. ಅಷ್ಟು ದೊಡ್ಡ ಅಲಗು ಅಷ್ಟು ಸಣ್ಣ ಕೆಲಸಕ್ಕೆ ಒದಗೀತೇ? ಕಾಲು ಕೊಯ್ದು ರಕ್ತ ಬಂತು, ಮುಳ್ಳು ಬರಲಿಲ್ಲ. ಒಂದು ಹೆಜ್ಜೆ ಇಡಲೂ ಆಗದೆ ಮರಕ್ಕೆ ಬೆನ್ನು ಕೊಟ್ಟು ಕುಳಿತ.

ಆಗ ಒಬ್ಬ ರೈತ ಅತ್ತ ಬಂದ. ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಲು ಊರವರ ಜೊತೆ ಕಾಡಿಗೆ ಬಂದವನು. ರಕ್ತ ಕಂಡು ಹತ್ತಿರ ಬರಲು ಹೋದ. ವ್ಯಾಪಾರಿ ಮಚ್ಚೆತ್ತಿ, ಅಲ್ಲೇ ನಿಲ್ಲು ಎಂದು ಗದರಿದ. ರೈತ ನಿಂತ. ಕಾಲನ್ನು ನೋಡಿದ, ಮಚ್ಚನ್ನೂ ನೋಡಿದ. ಆಮೇಲೆ ಸೊಂಟದಿಂದ ಸಣ್ಣ ಚಾಕು ತೆಗೆದು, ಒಂದು ಹೆಜ್ಜೆ ಮುಂದೆ ಬಂದು ಬಗ್ಗಿದ.

ಮೊದಲೇ ಹೆದರಿದವನ ಮೇಲೆ ಹಾವು ಎಸೆದ ಹಾಗಾಯಿತು. ವ್ಯಾಪಾರಿಗೆ ಜೀವ ಬಾಯಿಗೆ ಬಂತು. ಕಣ್ಣು ಮುಚ್ಚಿ ಮಚ್ಚು ಬೀಸಿದ. ಏಟು ರೈತನ ಹೆಗಲಿಗೆ ಬಿತ್ತು.

“ಮುಳ್ಳು ತಕ್ಕೊಳ್ಳಿ ಅಂತ ಚಾಕು ಕೆಳಗೆ ಇಡ್ತಾ ಇದ್ದೆ ಶೆಟ್ಟರೇ,” ಎಂದ ರೈತ.

ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎನ್ನುತ್ತಾರೆ. ಅದಕ್ಕೇ ನೆಲದ ಮೇಲೆ ಇಡುವುದು, ಬೇಕಾದವರು ಎತ್ತಿಕೊಳ್ಳುವುದು. ವ್ಯಾಪಾರಿಯ ಮನೆಯಲ್ಲೂ ಇದೇ ರೂಢಿ. ಹುಟ್ಟಿದಂದಿನಿಂದ ನೋಡಿದ್ದನ್ನು ಆ ಗಳಿಗೆಯಲ್ಲಿ ಅವನು ಗುರುತಿಸಲಿಲ್ಲ. ಜಗಳ ಬೇಡವೆಂದು ಬಗ್ಗಿದವನನ್ನೇ ಕಡಿದ.

ರೈತ ಹೆಗಲು ಒತ್ತಿ ಹಿಡಿದು ತೂರಾಡುತ್ತಾ ಮರಗಳ ನಡುವೆ ಮರೆಯಾದ. ಚಾಕು ಅಲ್ಲೇ ಬಿದ್ದಿತ್ತು. ವ್ಯಾಪಾರಿ ಅದನ್ನು ಎತ್ತಿಕೊಂಡು ಮುಳ್ಳು ತೆಗೆಯಲು ನೋಡಿದ. ಆಗಲಿಲ್ಲ. ಓಡಬೇಕೆಂದರೆ ಕಾಲಿಲ್ಲ. ಅಷ್ಟರಲ್ಲಿ ಮರಗಳ ಆಚೆ ಒಬ್ಬ ಕೂಗಿದ, ಇನ್ನೊಬ್ಬ ಓಗೊಟ್ಟ, ಆಮೇಲೆ ಹಲವರ ದನಿ ಒಟ್ಟಿಗೇ ಕೇಳಿತು. ಬೆಳಗಿನಿಂದ ಆ ಕಾಡಿನಲ್ಲಿ ಅವನನ್ನು ಕೊಲ್ಲಬೇಕೆಂದುಕೊಂಡವರು ಒಬ್ಬರೂ ಇರಲಿಲ್ಲ. ಈಗ ಅಂಥವರು ಬರುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವ್ಯಾಪಾರಿ ಏನಾದ ಎಂದು ಕೇಳಲು ಶಿಷ್ಯನಿಗೆ ಹೆದರಿಕೆಯಾಯಿತು.

“ಹಾಗಾದರೆ ಸಣ್ಣ ಚಾಕೇ ಒಯ್ಯಲೇ?” ಎಂದ ಮೆಲ್ಲಗೆ.

ಗುರುಗಳು ಹೇಳಿದರು: “ನೀನು ಬದುಕಲು ಯಾವ ಕತ್ತಿ ಬೇಕೆಂದು ಕೇಳಿದೆಯಪ್ಪ, ದಾರಿಯಲ್ಲಿ ನಿನಗೆ ಎದುರಾಗುವವನು ಬದುಕಲು ಯಾವುದು ಬೇಕೆಂದು ಕೇಳಲೇ ಇಲ್ಲ.”